ವ್ಯಾನ್ಸೆನ್ ಕೋಟೆ: ರಾಜ್ಯಭಾರಕ್ಕೆಂದು ಎದ್ದ ಗೋಪುರವನ್ನು ನೋಡುವ ಬಗೆ

ಫ್ರಾನ್ಸಿನ ಕೋಟೆಗಳನ್ನು ನೋಡಬೇಕೆಂದು ಹೊರಟವರು ಸಾಮಾನ್ಯವಾಗಿ ಲುವಾರ್ ಕಣಿವೆಯ ದಾರಿ ಹಿಡಿಯುತ್ತಾರೆ. ಅಲ್ಲಿ ಕಾಣಸಿಗುವವುಗಳಲ್ಲಿ ಬಹುಪಾಲು ಹದಿನಾರನೆಯ ಶತಮಾನದ ಹೊತ್ತಿಗೆ ಹೊಸ ರೂಪ ಪಡೆದ ವಿಲಾಸದ ಅರಮನೆಗಳು. ಮಧ್ಯಯುಗದ ಒಬ್ಬ ಫ್ರೆಂಚ್ ಅರಸ ತನ್ನ ವಾಸ, ಆಡಳಿತ, ಭದ್ರತೆ ಮೂರನ್ನೂ ಒಂದೇ ಕಟ್ಟಡದೊಳಗೆ ಹೇಗೆ ಜೋಡಿಸಿಕೊಂಡಿದ್ದ ಎಂಬುದನ್ನು ಕಲ್ಲಿನಲ್ಲಿಯೇ ಕಾಣಬಯಸುವವರಿಗೆ ಪ್ಯಾರಿಸ್ಸಿನ ಪೂರ್ವದ ಅಂಚಿನಲ್ಲಿರುವ ವ್ಯಾನ್ಸೆನ್ ಕೋಟೆ ಅದಕ್ಕಿಂತ ಹೆಚ್ಚಿನದನ್ನು ಕೊಡುತ್ತದೆ. ಮೆಟ್ರೊದ 1ನೆಯ ಮಾರ್ಗದ ಪೂರ್ವದ ಕೊನೆಯ ನಿಲ್ದಾಣಕ್ಕೆ ಈ ಕೋಟೆಯದೇ ಹೆಸರಿದೆ. ಅಲ್ಲಿಂದ ಮೇಲೆ ಬಂದರೆ ಎದುರಿಗೇ ಕಂದಕ ಮತ್ತು ಹೊರಗೋಡೆ. ಈ ಬರಹವು ಅಲ್ಲಿ ಟಿಕೆಟ್ ಕೊಂಡವರಿಗೆ ತೋರಿಸಲಾಗುವ ಎರಡು ಭಾಗಗಳನ್ನು, ಅಂದರೆ ಅರಸನ ವಾಸದ ಮುಖ್ಯ ಗೋಪುರವಾದ ನಡುಗೋಪುರ ಮತ್ತು ಕೋಟೆಯ ಪ್ರಾರ್ಥನಾಮಂದಿರವಾದ ಚಾಪೆಲನ್ನು, ಹಾಗೂ ಅವುಗಳ ಸುತ್ತಣ ಆವರಣವನ್ನು ಕುರಿತದ್ದು. ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ: ಪೀಠೋಪಕರಣ, ತೂಗುದೀಪ, ಚಿನ್ನದ ಚೌಕಟ್ಟುಗಳಿಂದ ತುಂಬಿದ ಕೋಣೆಗಳನ್ನು ನಿರೀಕ್ಷಿಸುವವರಿಗೆ ಇದು ಸಲ್ಲದು, ಕಟ್ಟಡವೊಂದು ಯಾಕೆ ಹೀಗೆಯೇ ಇದೆ ಎಂದು ಕೇಳಿಕೊಳ್ಳುತ್ತ ನಡೆಯುವವರಿಗೆ ಅರ್ಧ ದಿನವೂ ಸಾಲದು.

ಟಿಕೆಟ್ ಕೊಳ್ಳುವುದಕ್ಕೂ ಮೊದಲು ಕೋಟೆಯ ಹೊರಸುತ್ತನ್ನು ಒಮ್ಮೆ ಪೂರ್ತಿ ನಡೆಯಬೇಕು. ಹೊರಗೋಡೆಯ ಒಟ್ಟು ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಐದನೆಯ ಶಾರ್ಲ್ ಅರಸನ ಕಾಲದಲ್ಲಿ, 1373ರಿಂದ 1380ರವರೆಗಿನ ಕಡಿಮೆ ಅವಧಿಯಲ್ಲಿ, ಇದು ಎದ್ದುನಿಂತಿತು. ಈ ಆಯತದ ಗೋಡೆಗೆ ಒಂಬತ್ತು ಗೋಪುರಗಳಿದ್ದವು. ಅವು ಫ್ರೆಂಚ್ ಕೋಟೆಗಳಲ್ಲಿ ಸಾಮಾನ್ಯವಾಗಿ ಕಾಣುವ ದುಂಡು ಬುರುಜುಗಳಲ್ಲ. ಒಳಗೆ ವಾಸಕ್ಕೆ ಅನುಕೂಲವಾಗುವಂತೆ ಅಂತಸ್ತುಗಳನ್ನಿಟ್ಟು ಚೌಕಾಕಾರವಾಗಿ ಕಟ್ಟಿದ ಎತ್ತರದ ಮನೆಗಳು. ಉತ್ತರದ ಹೆಬ್ಬಾಗಿಲಾದ ಗ್ರಾಮಗೋಪುರ ಸುಮಾರು 42 ಮೀಟರ್ ಎತ್ತರದಲ್ಲಿ ಇಂದಿಗೂ ಹಾಗೆಯೇ ನಿಂತಿದೆ. ಉಳಿದ ಗೋಪುರಗಳ ತಲೆಗಳನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗೋಡೆಯ ಮಟ್ಟಕ್ಕೆ ಇಳಿಸಲಾಯಿತು. ಹೀಗಾಗಿ ಇಂದು ಕಂದಕದ ಅಂಚಿನಲ್ಲಿ ನಡೆಯುವವನಿಗೆ ಒಂದು ಚಪ್ಪಟೆಯಾದ ಗೋಡೆ, ಒಂದು ತುದಿಯಲ್ಲಿ ಒಂಟಿ ಹೆಬ್ಬಾಗಿಲು, ಪಶ್ಚಿಮದ ಬದಿಯ ನಡುವೆ ದೊಡ್ಡ ಗೋಪುರ, ಇಷ್ಟೇ ಕಾಣುತ್ತದೆ. ಮೂಲದಲ್ಲಿ ಇದ್ದುದು ಬೇರೆ. ಗ್ರಾಮಗೋಪುರದ ಎತ್ತರವನ್ನು ಕಣ್ಣಿನಲ್ಲಿ ಹಿಡಿದು, ಕತ್ತರಿಸಿದ ಒಂದೊಂದು ಬುಡದ ಮೇಲೂ ಅದನ್ನು ಮನಸ್ಸಿನಲ್ಲಿ ನಿಲ್ಲಿಸುತ್ತ ಸುತ್ತು ಬಂದರೆ ಮಾತ್ರ ಹದಿನಾಲ್ಕನೆಯ ಶತಮಾನದ ವ್ಯಾನ್ಸೆನ್ ಕಣ್ಣಿಗೆ ಬರುತ್ತದೆ. ಅರಸ ತನಗೆ ಹತ್ತಿರದವರು ಇಲ್ಲಿ ಮನೆ ಮಾಡಬೇಕೆಂದು, ಇದನ್ನು ಗೋಡೆಯೊಳಗಿನ ಒಂದು ಊರನ್ನಾಗಿಸಬೇಕೆಂದು ಬಯಸಿದ್ದನೆಂದು ಅವನ ಜೀವನವನ್ನು ಬರೆದ ಕ್ರಿಸ್ತೀನ್ ದ ಪಿಜಾನ್ ತಿಳಿಸುತ್ತಾಳೆ. ಆ ಊರು ಹುಟ್ಟಲೇ ಇಲ್ಲ. 1380ರ ಸೆಪ್ಟೆಂಬರಿನಲ್ಲಿ ಅರಸ ತೀರಿಕೊಂಡ. ಆದರೆ ಆ ಬಯಕೆಯ ಅಳತೆ ಗೋಡೆಯಲ್ಲಿ ಉಳಿದಿದೆ, ಅದನ್ನು ಕಾಲ್ನಡಿಗೆಯಲ್ಲೇ ಅಳೆಯಬಹುದು. ಈ ಭಾಗಕ್ಕೆ ಯಾವ ಶುಲ್ಕವೂ ಇಲ್ಲ. ಒಳಗಿನ ವಿಶಾಲ ಅಂಗಳಕ್ಕೂ ಇಲ್ಲ.

ಈ ಸ್ಥಳವನ್ನೇ ಆರಿಸಿದ್ದಕ್ಕೆ ಹಳೆಯ ಕಾರಣಗಳಿವೆ. ಹನ್ನೆರಡನೆಯ ಶತಮಾನದಿಂದ ಇಲ್ಲಿನ ಕಾಡು ರಾಜರ ಬೇಟೆಯ ತಾಣ. ಒಂಬತ್ತನೆಯ ಲೂಯಿ ಇಲ್ಲಿನ ಓಕ್ ಮರದ ಕೆಳಗೆ ಕುಳಿತು ಜನರ ದೂರುಗಳನ್ನು ಕೇಳುತ್ತಿದ್ದನೆಂಬ ನೆನಪು ಅವನ ಒಡನಾಡಿ ಜ್ವಾಂವಿಲ್‌ನಿಂದ ಬಂದದ್ದು. ಐದನೆಯ ಶಾರ್ಲ್ ಹುಟ್ಟಿದ್ದು ಕೂಡ ವ್ಯಾನ್ಸೆನ್‌ನಲ್ಲಿಯೇ, 1338ರಲ್ಲಿ. ಆದರೆ ಬೇಟೆಯ ಮನೆಯೊಂದು ಭಾರೀ ಕೋಟೆಯಾಗಿ ಬದಲಾಗಲು ಬೇಕಾದ ಒತ್ತಡ ಯುದ್ಧದಿಂದ ಮತ್ತು ಅದಕ್ಕಿಂತ ಹೆಚ್ಚಾಗಿ ಪ್ಯಾರಿಸ್ಸಿನಿಂದಲೇ ಬಂತು. 1356ರಲ್ಲಿ ಪ್ವಾತಿಯೆ ಕಾಳಗದಲ್ಲಿ ಶಾರ್ಲ್‌ನ ತಂದೆ ಎರಡನೆಯ ಜ್ಯಾಂ ಇಂಗ್ಲಿಷರಿಗೆ ಸೆರೆಯಾದ. ತಂದೆಯಿಲ್ಲದ ವೇಳೆ ರಾಜ್ಯ ನೋಡಿಕೊಳ್ಳುತ್ತಿದ್ದ ಯುವರಾಜ 1358ರಲ್ಲಿ ಸಿತೆ ದ್ವೀಪದ ಅರಮನೆಯಲ್ಲಿದ್ದಾಗ, ವರ್ತಕರ ಮುಖಂಡ ಎತಿಯೆನ್ ಮಾರ್ಸೆಲ್‌ನ ನೇತೃತ್ವದ ಗುಂಪು ನುಗ್ಗಿ ಅವನ ಕಣ್ಣೆದುರಿಗೇ ಇಬ್ಬರು ಸೇನಾಪತಿಗಳನ್ನು ಕೊಂದಿತು. ನಗರದ ನಟ್ಟನಡುವಿನ ಅರಮನೆಯಲ್ಲಿ ಅರಸ ಎಷ್ಟು ಅಸುರಕ್ಷಿತ ಎಂಬುದನ್ನು ಇಪ್ಪತ್ತರ ಹರೆಯದಲ್ಲಿ ಕಂಡವನು ನಗರದಿಂದ ಹೊರಗೆ, ಆದರೆ ಕುದುರೆಯ ಮೇಲೆ ಬೇಗ ತಲುಪಬಹುದಾದಷ್ಟು ಹತ್ತಿರದಲ್ಲಿ ನೆಲೆ ಹುಡುಕಿದ್ದು ಸಹಜ. ತಂದೆಯ ಬಿಡುಗಡೆಯಾದ ಮರುವರ್ಷ, 1361ರಲ್ಲಿ, ನಡುಗೋಪುರದ ಕೆಲಸ ಶುರುವಾಯಿತು. 1364ರಲ್ಲಿ ಪಟ್ಟಕ್ಕೆ ಬಂದ ಶಾರ್ಲ್ ಅದನ್ನು 1369ರ ಹೊತ್ತಿಗೆ ಮುಗಿಸಿದ.

ಗೋಪುರದ ಆಕಾರವನ್ನು ಅಂಗಳದಲ್ಲಿ ನಿಂತು ನಿಧಾನವಾಗಿ ನೋಡಬೇಕು. ಬದಿಯೊಂದಕ್ಕೆ ಸುಮಾರು 16 ಮೀಟರಿನ ಚೌಕ, ನಾಲ್ಕು ಮೂಲೆಗಳಲ್ಲಿ ನೆಲದಿಂದ ತುದಿಯವರೆಗೆ ಏರುವ ದುಂಡು ಕಿರುಗೋಪುರಗಳು, ಆರು ಅಂತಸ್ತು, ಸುಮಾರು 50 ಮೀಟರ್ ಎತ್ತರ, ಮೂರು ಮೀಟರಿನಷ್ಟು ದಪ್ಪದ ಗೋಡೆ. ಇದಕ್ಕೂ ಒಂದೂವರೆ ಶತಮಾನ ಮೊದಲು ಫಿಲಿಪ್ ಓಗುಸ್ತ್‌ನ ಕಾಲದಲ್ಲಿ ಫ್ರೆಂಚ್ ಅರಸೊತ್ತಿಗೆಯ ಗುರುತಾಗಿದ್ದದ್ದು ದುಂಡು ಗೋಪುರ. ಲೂವ್ರ್‌ನಲ್ಲಿ ಇದ್ದದ್ದು ಅಂಥದ್ದೇ. ದುಂಡು ಗೋಡೆಗೆ ಮೂಲೆಯಿಲ್ಲದ ಕಾರಣ ಅಗೆದು ಉರುಳಿಸುವುದು ಕಷ್ಟ, ಕಲ್ಲುಗುಂಡುಗಳೂ ಅದರ ಮೈಯಿಂದ ಜಾರುತ್ತವೆ. ಆದರೆ ದುಂಡು ಕೋಣೆಯಲ್ಲಿ ಮಂಚ, ಪೆಟ್ಟಿಗೆ, ಮೇಜು ಯಾವುದೂ ಗೋಡೆಗೆ ಒಗ್ಗಿ ನಿಲ್ಲುವುದಿಲ್ಲ. ವ್ಯಾನ್ಸೆನ್‌ನಲ್ಲಿ ವಾಸದ ಕೋಣೆಗೆ ಚೌಕ, ಮೂಲೆಗಳ ರಕ್ಷಣೆಗೆ ದುಂಡು ಎಂದು ಎರಡನ್ನೂ ಬೆಸೆದಿದ್ದಾರೆ. ಪ್ಯಾರಿಸ್ಸಿನಲ್ಲಿದ್ದ ತಾಂಪ್ಲ್ ಗೋಪುರವೂ ಇದೇ ಮಾದರಿಯದು. ನೆಪೋಲಿಯನ್‌ನ ಆಳ್ವಿಕೆಯಲ್ಲಿ ಅದನ್ನು ಕೆಡವಲಾಯಿತು. ಇದಕ್ಕಿಂತ ಎತ್ತರವಾಗಿದ್ದ ಕೂಸಿಯ ದುಂಡು ಗೋಪುರವನ್ನು 1917ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಸ್ಫೋಟಿಸಿತು. ಹೀಗೆ ಒಂದೊಂದಾಗಿ ಜೊತೆಯವೆಲ್ಲ ಬಿದ್ದುಹೋದ ಮೇಲೆ ಫ್ರಾನ್ಸಿನಲ್ಲಿ ಈ ಎತ್ತರದ ಮಧ್ಯಯುಗದ ಕೋಟೆಗೋಪುರವೆಂದು ಉಳಿದಿರುವುದು ಇದು. ಇಷ್ಟನ್ನು ತಿಳಿದು ನೋಡಿದರೆ ಅದರ ಬೋಳು ಗೋಡೆಗಳ ಮೇಲೆ ಗೌರವ ಹೆಚ್ಚುತ್ತದೆ.

ಟಿಕೆಟ್ಟಿನ ಭಾಗ ಇಲ್ಲಿಂದ ಆರಂಭ. ನಡುಗೋಪುರಕ್ಕೆ ಅದರದೇ ಕಂದಕ, ಅದರದೇ ಸುತ್ತುಗೋಡೆ ಇವೆ. ಕೋಟೆಯೊಳಗೆ ಇನ್ನೊಂದು ಕೋಟೆ. ಒಳಹೋಗುವ ದಾರಿ ಒಂದೇ, ಅದು ಎರಡು ದುಂಡು ಗೋಪುರಗಳ ನಡುವಿನ ದ್ವಾರಮಂಟಪ. ನನ್ನ ದೃಷ್ಟಿಯಲ್ಲಿ ಈ ಸಂದರ್ಶನದ ದೊಡ್ಡ ಗುಣ ಇಲ್ಲಿಯೇ ಇದೆ: ನೋಡುಗರನ್ನು ಕರೆದೊಯ್ಯುವ ಹಾದಿ, ಬಹುಮಟ್ಟಿಗೆ, ಆರು ಶತಮಾನಗಳ ಹಿಂದೆ ರಾಯಭಾರಿಯೊಬ್ಬ ಅರಸನನ್ನು ಕಾಣಲು ಏರುತ್ತಿದ್ದ ಹಾದಿಯೇ. ಅಂಗಳದಲ್ಲಿ ನೂರಾರು ಜನ ಇರಬಹುದು. ದ್ವಾರಮಂಟಪವನ್ನು ದಾಟುವವರು ಕೆಲವರು. ಸೇತುವೆ ದಾಟಿ ಮಂತ್ರಾಲೋಚನೆಯ ಕೋಣೆಗೆ ಬರುವವರು ಇನ್ನೂ ಕಡಿಮೆ. ಅದರ ಮೇಲಿನ ಶಯನಗೃಹಕ್ಕೆ ಬೆರಳೆಣಿಕೆಯ ಜನ. ಪ್ರತಿಯೊಂದು ಬಾಗಿಲಲ್ಲೂ ಜನ ಸೋಸಿಹೋಗುವ ಈ ಏರ್ಪಾಡೇ ಕಟ್ಟಡದ ನಕ್ಷೆಯ ಹುರುಳು. ಮುತ್ತಿಗೆಯ ಕಾಲದಲ್ಲಿ ಆಶ್ರಯಕ್ಕೆಂದು ಮಾತ್ರ ಕಟ್ಟಿದ್ದರೆ ಇಷ್ಟು ಲೆಕ್ಕಾಚಾರದ ಬಾಗಿಲುಗಳು, ಮೆಟ್ಟಿಲುಗಳು ಬೇಕಿರಲಿಲ್ಲ. ವ್ಯಾನ್ಸೆನ್ ಗೋಪುರ ಯುದ್ಧದ ಹೊದಿಕೆಯಲ್ಲಿರುವ ಆಡಳಿತ ಭವನ.

ದ್ವಾರಮಂಟಪದ ಮೇಲಂತಸ್ತಿನಲ್ಲಿ ಅರಸನ ಓದು ಬರಹದ ಕೋಣೆ ಇದೆ. ಕೋಟೆಯ ಬಾಗಿಲ ಮೇಲೆ ಕಾವಲುಗಾರರು ಇರುವುದು ವಾಡಿಕೆ. ಇಲ್ಲಿ ಅರಸನೇ ಕುಳಿತು ಕಾಗದಪತ್ರ ನೋಡುತ್ತಿದ್ದ, ಬರುವವರು ಹೋಗುವವರು ಅವನ ಕಿಟಕಿಯ ಕೆಳಗೇ ಸಾಗುತ್ತಿದ್ದರು. ಅದರ ಮೇಲಿನ ಮಾಳಿಗೆಗೆ ಹತ್ತಿದರೆ ಗಂಟೆಯ ಚಿಕ್ಕ ಗೋಪುರ ಸಿಗುತ್ತದೆ. ಇಲ್ಲಿಗೆಂದು 1369ರಲ್ಲಿ ಗಂಟೆಯೊಂದನ್ನು ಎರಕ ಹೊಯ್ಯಿಸಿ ಗಡಿಯಾರಕ್ಕೆ ಜೋಡಿಸಿದ್ದರು. ಈಗ ಮೇಲೆ ತೂಗುತ್ತಿರುವುದು ಅದರ ಪ್ರತಿಕೃತಿ. ದಿನದ ಹೊತ್ತನ್ನು ಅದುವರೆಗೆ ಪ್ರಾರ್ಥನೆಯ ಗಂಟೆಗಳೇ ಹೇಳುತ್ತಿದ್ದ ಕಾಲದಲ್ಲಿ ಅರಸನ ಮನೆಯಿಂದ ಯಂತ್ರದ ಗಂಟೆ ಬಾರಿಸಲು ಆರಂಭಿಸಿದ್ದು ಸಣ್ಣ ಸಂಗತಿಯಲ್ಲ. ಮಾಳಿಗೆಯಿಂದ ಚಾಪೆಲ್, ಅಂಗಳ, ದೂರದ ಗ್ರಾಮಗೋಪುರ ಎಲ್ಲವೂ ಒಂದೇ ನೋಟಕ್ಕೆ ದಕ್ಕುವುದರಿಂದ ಹೊರಸುತ್ತಿನಲ್ಲಿ ನಡೆದದ್ದು ಇಲ್ಲಿ ನಕ್ಷೆಯಾಗಿ ಕೂಡಿಕೊಳ್ಳುತ್ತದೆ.

ದ್ವಾರಮಂಟಪದಿಂದ ಗೋಪುರದ ಮೊದಲ ಅಂತಸ್ತಿಗೆ ಸೇತುವೆಯ ಮೂಲಕ ಹೋಗಬೇಕು. ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ಕೋಣೆಯ ನಡುವೆ ನಿಂತ ಒಂದೇ ಒಂದು ಕಂಬ. ತೆಳ್ಳಗಿನ ಆ ಕಂಬದ ತುದಿಯಿಂದ ಕಮಾನಿನ ಪಕ್ಕೆಲುಬುಗಳು ನಾಲ್ಕು ದಿಕ್ಕಿಗೂ ಕವಲೊಡೆದು ಗೋಡೆಯತ್ತ ಬಾಗುತ್ತವೆ. ಚಾವಣಿಯ ಒಳಮೈಗೆ ಓಕ್ ಮರದ ಹಲಗೆಗಳನ್ನು ಹೊದಿಸಿದ್ದು, ಅದರ ಗಣನೀಯ ಭಾಗ ಇಂದಿಗೂ ಸ್ಥಳದಲ್ಲೇ ಇದೆ. ಕಲ್ಲಿನ ಗೋಪುರದೊಳಗೆ ಈ ಮರದ ಒಳಪದರು ಕೋಣೆಯನ್ನು ಬೆಚ್ಚಗೂ ಇಡುತ್ತಿತ್ತು, ದನಿಯ ಪ್ರತಿಧ್ವನಿಯನ್ನೂ ತಗ್ಗಿಸುತ್ತಿತ್ತು. ಮಾತುಕತೆಗೆಂದೇ ಇದ್ದ ಕೋಣೆಗೆ ಎರಡೂ ಅಗತ್ಯ. ತಲೆಯೆತ್ತಿ ನೋಡದೆ ಮುಂದಿನ ಕೋಣೆಗೆ ಹೊರಡುವವರೇ ಹೆಚ್ಚು. ಈ ಚಾವಣಿಯ ಕೆಳಗೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಒತ್ತಿ ಹೇಳುತ್ತೇನೆ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಇಲ್ಲಿದೆ, ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಅದೇ ಅತ್ಯಂತ ಬೆಲೆಯುಳ್ಳದ್ದು. ಕಮಾನು ಚಾವಣಿ ತನ್ನ ಭಾರವನ್ನು ಕೆಳಗೆ ಮಾತ್ರವಲ್ಲ, ಹೊರಗೂ ತಳ್ಳುತ್ತದೆ. ಚರ್ಚುಗಳಲ್ಲಿ ಆ ತಳ್ಳಾಟವನ್ನು ಹೊರಗಿನ ಆಸರೆ ಕಮಾನುಗಳು ತಡೆಯುತ್ತವೆ. ಕೋಟೆಗೋಪುರಕ್ಕೆ ಅಂಥ ಆಸರೆಗಳನ್ನು ಹಚ್ಚಿದರೆ ಶತ್ರುವಿಗೆ ಏಣಿ ಕೊಟ್ಟಂತೆ. ಒಂದರ ಮೇಲೊಂದು ಕಮಾನಿನ ಅಂತಸ್ತುಗಳನ್ನು ಪೇರಿಸಿ, ವಾಸಕ್ಕೆ ಬೇಕಾದ ದೊಡ್ಡ ಕಿಟಕಿಗಳನ್ನೂ ತೆರೆದು, ಗೋಡೆಯೊಳಗೇ ಮೆಟ್ಟಿಲು, ಅಗ್ಗಿಷ್ಟಿಕೆಯ ಕೊಳವೆಗಳನ್ನು ಕೊರೆದ ಮೇಲೆ ದಪ್ಪ ಗೋಡೆಯೊಂದೇ ಸಾಕೆಂದು ನಂಬುವಂತಿರಲಿಲ್ಲ. ಹಾಗಾಗಿ ಕಟ್ಟುವಾಗಲೇ ಕಲ್ಲಿನ ವರಸೆಗಳ ನಡುವೆ ಕಬ್ಬಿಣದ ಸರಳುಗಳನ್ನು ಹುದುಗಿಸಿದರು. ದುರಸ್ತಿಗೆ ಮುನ್ನ ನಡೆದ ಅಧ್ಯಯನಗಳಲ್ಲಿ ಬೆಳಕಿಗೆ ಬಂದ ಈ ಕಬ್ಬಿಣದ ಉದ್ದ ಕಿಲೋಮೀಟರ್ ಲೆಕ್ಕದ್ದು. ಬಂಡಿಯ ಮರದ ಗಾಲಿಗೆ ಕಮ್ಮಾರ ಬಿಗಿಯುವ ಪಟ್ಟಿಯಂತೆ ಈ ಸರಳುಗಳು ಗೋಪುರದ ಮೈ ಹೊರಕ್ಕೆ ಬಿರಿಯದಂತೆ ಕಟ್ಟಿಹಿಡಿದಿವೆ. ಹದಿನಾಲ್ಕನೆಯ ಶತಮಾನದಲ್ಲಿ ಕಬ್ಬಿಣವೆಂದರೆ ಕುಲುಮೆಯ ಬಳಿ ಕಾಯಿಸಿ ಬಡಿದು ತಯಾರಿಸಬೇಕಾದ ದುಬಾರಿ ವಸ್ತು. ಅದನ್ನು ಯಾರಿಗೂ ಕಾಣದ ಜಾಗದಲ್ಲಿ ಇಷ್ಟೊಂದು ಹಾಕಿದ್ದಾರೆಂದರೆ ಕಟ್ಟಿದ ಮೇಸ್ತ್ರಿಗಳಿಗೆ ತಮ್ಮ ಕಟ್ಟಡದ ಎಳೆತ ಒತ್ತಡಗಳು ಎಲ್ಲಿವೆ ಎಂಬ ಸ್ಪಷ್ಟ ತಿಳಿವಳಿಕೆ ಇತ್ತೆಂದೇ ಅರ್ಥ. ಚೂಪು ಕಮಾನುಗಳ ಮಧ್ಯಯುಗದ ಗಾಥಿಕ್ ಶೈಲಿಯ ಕಟ್ಟಡವೆಂದರೆ ಕಲ್ಲಿನ ಸಮತೋಲನ ಮಾತ್ರ ಎಂದು ಓದಿಕೊಂಡು ಬಂದವರು ಇಲ್ಲಿ ಆ ಪಾಠವನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಎರಡನೆಯ ಅಂತಸ್ತಿಗೆ ಮೂಲೆಗೋಪುರದೊಳಗಿನ ಅಗಲವಾದ ಸುರುಳಿ ಮೆಟ್ಟಿಲು ಏರುತ್ತದೆ. ಮುಖ್ಯರಾದವರು ನಡೆಯುವ ಮೆಟ್ಟಿಲಾದ್ದರಿಂದ ಇದಕ್ಕೆ ಅಗಲವಿದೆ; ಸೇವಕರ ಮೆಟ್ಟಿಲು ಇಕ್ಕಟ್ಟಾದದ್ದು. ಮೇಲಿನದು ಅರಸನ ಕೋಣೆ. ಇಲ್ಲಿಯೂ ನಡುಗಂಬ, ದೊಡ್ಡ ಅಗ್ಗಿಷ್ಟಿಕೆ, ಕಮಾನಿನ ಪಕ್ಕೆಲುಬುಗಳು ಗೋಡೆಗೆ ಇಳಿಯುವಲ್ಲಿ ಕೆತ್ತನೆಯ ಬೋದಿಗೆಗಳು, ಕಮಾನುಗಳ ಮೇಲೆ ಹಳೆಯ ಬಣ್ಣದ ಕುರುಹುಗಳು. ಮೂಲೆಗೋಪುರಗಳಲ್ಲಿ ಪ್ರಾರ್ಥನೆಯ ಸಣ್ಣ ಕೋಣೆ, ಬೆಲೆಬಾಳುವ ವಸ್ತುಗಳನ್ನಿಡುವ ಕೋಣೆ ಇವೆ. ಶೌಚಕ್ಕೂ ಗೋಪುರದ ಮೈಗೆ ಅಂಟಿಸಿದ ಪ್ರತ್ಯೇಕ ಭಾಗವಿದೆ. ಒಬ್ಬ ಅರಸನಿಗೆ ಮಲಗಲು, ದೇವರನ್ನು ನೆನೆಯಲು, ಭಂಡಾರ ಕಾಯಲು ಬೇಕಾದದ್ದೆಲ್ಲ ಒಂದೇ ಅಂತಸ್ತಿನಲ್ಲಿ, ಒಂದು ಮುಖ್ಯ ಕೋಣೆ ಮತ್ತು ಅದಕ್ಕೆ ಹೊಂದಿದ ಗೂಡುಗಳಲ್ಲಿ ಅಡಗಿದೆ. 1378ರ ಜನವರಿಯಲ್ಲಿ ಶಾರ್ಲ್ ತನ್ನ ಸೋದರಮಾವನಾದ ಪವಿತ್ರ ರೋಮನ್ ಸಾಮ್ರಾಟ ನಾಲ್ಕನೆಯ ಕಾರ್ಲ್‌ನನ್ನು ಬರಮಾಡಿಕೊಂಡಾಗ ವ್ಯಾನ್ಸೆನ್‌ಗೂ ಕರೆತಂದಿದ್ದ. ಮುಂದೆ ಇಂಗ್ಲೆಂಡಿನ ಐದನೆಯ ಹೆನ್ರಿ, ಫ್ರಾನ್ಸಿನ ಸಿಂಹಾಸನಕ್ಕೂ ಉತ್ತರಾಧಿಕಾರಿಯೆಂದು ಒಪ್ಪಂದವಾಗಿದ್ದವನು, 1422ರ ಆಗಸ್ಟ್ 31ರಂದು ಕೊನೆಯುಸಿರೆಳೆದದ್ದು ಇದೇ ಕೋಟೆಯಲ್ಲಿ.

ಸಾಮಾನ್ಯ ಸಂದರ್ಶನ ಎರಡನೆಯ ಅಂತಸ್ತಿಗೆ ಮುಗಿಯುತ್ತದೆ. ಮೇಲಿನ ಅಂತಸ್ತುಗಳನ್ನು ನೋಡುವ ಆಸೆ ಇಟ್ಟುಕೊಂಡು ಹೋಗಬಾರದು. ಸೇನೆಯ ಇತಿಹಾಸ ದಾಖಲೆಗಳ ವಿಭಾಗ ಆವರಣದ ಹಲವು ಕಟ್ಟಡಗಳಲ್ಲಿ ನೆಲೆಸಿರುವುದರಿಂದ ಅವೂ ಹೊರಗಿನಿಂದಷ್ಟೇ ದಕ್ಕುತ್ತವೆ.

ನೆಲದ ಅಂತಸ್ತು ಬೇರೆ ಕಾಲದ ಕಥೆ ಹೇಳುತ್ತದೆ. ಅರಸರ ವಾಸ ಇಲ್ಲಿಂದ ಪಕ್ಕದ ಕಟ್ಟಡಗಳಿಗೆ ಸರಿದ ಮೇಲೆ, ಒಳಬರುವವರನ್ನು ಸೋಸಲೆಂದು ಇಟ್ಟ ಬಾಗಿಲುಗಳು ಹೊರಹೋಗದಂತೆ ತಡೆಯಲೂ ಅಷ್ಟೇ ಚೆನ್ನಾಗಿ ಒದಗಿದವು. ಗೋಪುರ ಸೆರೆಮನೆಯಾಯಿತು, 1784ರವರೆಗೂ ಹಾಗೆಯೇ ನಡೆಯಿತು. 1749ರಲ್ಲಿ ತತ್ತ್ವಜ್ಞಾನಿ ದಿದೆರೋ ಇಲ್ಲಿ ಬಂಧಿಯಾಗಿದ್ದ. ಅವನನ್ನು ಕಾಣಲು ಗೆಳೆಯನಾದ ಚಿಂತಕ ರೂಸೋ ಪ್ಯಾರಿಸ್ಸಿನಿಂದ ನಡೆದು ಬರುತ್ತಿದ್ದ. ಮುಂದೆ ಫ್ರೆಂಚ್ ಕ್ರಾಂತಿಯ ಮುಂದಾಳಾದ ಮಿರಾಬೋ ಮತ್ತು ಲೇಖಕ ಸಾದ್ ಕೂಡ ಇದೇ ಗೋಡೆಗಳ ನಡುವೆ ವರ್ಷಗಳನ್ನು ಕಳೆದರು. ಗೋಡೆಗಳ ಮೇಲೆ ಬಂಧಿಗಳು ಬರೆದ, ಬಿಡಿಸಿದ ಗುರುತುಗಳು ಉಳಿದಿವೆ. ಪ್ರಸಿದ್ಧ ಬಂಧಿಗಳ ಹೆಸರು ಎಷ್ಟು ಆಕರ್ಷಕವೆಂದರೆ ಜನರ ಗಮನವೆಲ್ಲ ಅತ್ತ ಹರಿಯುತ್ತದೆ. ವಾಸ್ತುವನ್ನು ನೋಡಲು ಬಂದವರು ಇಲ್ಲಿ ಗಮನಿಸಬೇಕಾದದ್ದು ಬೇರೆ: ಕೋಣೆಗಳನ್ನು ಹೊಸದಾಗಿ ಕಟ್ಟದೆ, ಬಾಗಿಲುಗಳನ್ನು ಹೆಚ್ಚಿಸಿ, ಕಿಟಕಿಗಳನ್ನು ಬಿಗಿಗೊಳಿಸಿ ಮೂಲೆಗೋಪುರಗಳ ಗೂಡುಗಳನ್ನೇ ಹೇಗೆ ಸೆರೆಕೋಣೆಗಳಾಗಿಸಿದರು ಎಂಬುದು.

ಅಂಗಳದ ಇನ್ನೊಂದು ಬದಿಯ ಚಾಪೆಲ್ ಅದೇ ಟಿಕೆಟ್ಟಿಗೆ ಸೇರಿದೆ. ಐದನೆಯ ಶಾರ್ಲ್ 1379ರಲ್ಲಿ ಇದನ್ನು ಸ್ಥಾಪಿಸಿದ. ಕೆಲಸ ನಿಂತು ನಿಂತು ಸಾಗಿ ಎರಡನೆಯ ಆಂರಿ ಅರಸನ ಕಾಲದಲ್ಲಿ, 1552ರಲ್ಲಿ ಪ್ರತಿಷ್ಠಾಪನೆಯಾಯಿತು. ಪ್ಯಾರಿಸ್ಸಿನ ಸ್ಯಾಂತ್ ಶಾಪೆಲ್ ಇದರ ಮಾದರಿ, ಆದರೆ ಅಲ್ಲಿ ಎರಡು ಅಂತಸ್ತು, ಇಲ್ಲಿ ಒಂದೇ. ಸುಮಾರು ನೂರ ಎಪ್ಪತ್ತು ವರ್ಷಗಳ ಅಂತರವಿದ್ದರೂ ಕೊನೆಯವರೆಗೂ ಗಾಥಿಕ್ ಶೈಲಿಯನ್ನು ಬಿಡದೆ ಮುಗಿಸಿದ್ದು ಆಶ್ಚರ್ಯ ತರಿಸುತ್ತದೆ, ಏಕೆಂದರೆ ಅದೇ ಆಂರಿಯ ಆಳ್ವಿಕೆಯಲ್ಲಿ ಲೂವ್ರ್‌ನಲ್ಲಿ ಇಟಲಿಯ ಕಡೆಯಿಂದ ಬಂದ ಹೊಸ ಶೈಲಿಯ ಮುಖಭಾಗ ಏಳುತ್ತಿತ್ತು. ಹೊಸತನ ಇಲ್ಲಿ ಗಾಜಿನಲ್ಲಿದೆ: ಪೂರ್ವದ ತುದಿಯ ಬಣ್ಣದ ಕಿಟಕಿಗಳಲ್ಲಿ ಲೋಕದ ಅಂತ್ಯಕಾಲದ ದೃಶ್ಯಗಳನ್ನು ನವೋದಯದ ಕೈಯೊಂದು ಬಿಡಿಸಿದೆ. ಪಕ್ಕದ ಗೋಡೆಗಳ ಕಿಟಕಿಗಳಲ್ಲಿ ಈಗ ಬಣ್ಣವಿಲ್ಲ. ಪ್ಯಾರಿಸ್ಸಿನ ಚಾಪೆಲಿನ ಬಣ್ಣದ ಪ್ರವಾಹವನ್ನು ನೆನೆದು ಬಂದವರಿಗೆ ಇದು ಬರಿದೆನಿಸಬಹುದು. ನನಗೆ ಮಾತ್ರ ಕಲ್ಲಿನ ಗೆರೆಗಳು ಈ ಬಿಳಿ ಬೆಳಕಿನಲ್ಲಿಯೇ ಹೆಚ್ಚು ತಿಳಿಯಾಗಿ ಕಾಣುತ್ತವೆ.

ದಕ್ಷಿಣದ ಅಂಗಳದಲ್ಲಿ ಎದುರುಬದುರಾಗಿ ನಿಂತ ರಾಜ ಮತ್ತು ರಾಣಿಯ ಭವನಗಳು ವಾಸ್ತುಶಿಲ್ಪಿ ಲೂಯಿ ಲ ವೋ 1650ರ ದಶಕದಲ್ಲಿ ರೂಪಿಸಿದವು. ವರ್ಸಾಯ್‌ನ ಹಾದಿ ಇನ್ನೂ ತೆರೆಯುವ ಮುನ್ನ ಅರಸೊತ್ತಿಗೆ ಕೋಟೆಯೊಳಗೇ ಅರಮನೆ ಮಾಡಿಕೊಳ್ಳಲು ನೋಡಿದ ಪ್ರಯತ್ನ ಅದು. ಮುಂದೆ ಅವು ಸೈನಿಕರ ವಸತಿಯಾದವು. 1804ರ ಮಾರ್ಚ್ 21ರಂದು ಪದಚ್ಯುತ ಬೂರ್ಬೋಂ ರಾಜವಂಶದ ಆಂಗ್ಯಾಂ ಡ್ಯೂಕನನ್ನು ಗುಂಡಿಕ್ಕಿ ಕೊಂದದ್ದು ಇಲ್ಲಿನ ಕಂದಕದಲ್ಲಿ. 1944ರ ಆಗಸ್ಟಿನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ನರು ನಡೆಸಿದ ಸ್ಫೋಟದಲ್ಲಿ ರಾಜಭವನಕ್ಕೆ ಪೆಟ್ಟು ಬಿತ್ತು. ಗೋಪುರದ ಸ್ಥಿತಿಯೂ ಹದಗೆಟ್ಟು 1995ರಲ್ಲಿ ಅದನ್ನು ಮುಚ್ಚಬೇಕಾಯಿತು. ದೀರ್ಘ ದುರಸ್ತಿಯ ನಂತರ 2007ರಲ್ಲಿ ಮತ್ತೆ ತೆರೆಯಿತು. ಹೊಸ ಕಲ್ಲುಗಳು ಹಳೆಯವುಗಳ ನಡುವೆ ತೆಳುಬಣ್ಣದಿಂದ ಎದ್ದು ಕಾಣುವ ಕಡೆಗಳಲ್ಲಿ ದುರಸ್ತಿಯ ಅಳತೆಯನ್ನು ಅಂದಾಜು ಮಾಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಕಟ್ಟಡಗಳ ದುರಸ್ತಿಗೆ ಹೆಸರಾದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಕೂಡ ಇಲ್ಲಿ ಕೆಲಸ ಮಾಡಿದ್ದಾನೆ. ಆದರೂ ಪಿಯರ್‌ಫೋಂ ಕೋಟೆಯಲ್ಲಿ ಅವನು ಪಾಳುಗೋಡೆಗಳ ಮೇಲೆ ತನ್ನ ಕಲ್ಪನೆಯ ಮಧ್ಯಯುಗವನ್ನೇ ಕಟ್ಟಿದಂತೆ ಇಲ್ಲಿ ಆಗಲಿಲ್ಲ. ಇಲ್ಲಿ ಕಾಣುವ ಕೋಣೆ, ಕಂಬ, ಮೆಟ್ಟಿಲುಗಳ ಜೋಡಣೆ ಹದಿನಾಲ್ಕನೆಯ ಶತಮಾನದ್ದೇ ಎಂಬ ಭರವಸೆಯಿಂದ ನೋಡಬಹುದು, ವ್ಯಾನ್ಸೆನ್‌ನ ಪರವಾಗಿ ನಾನು ಹೇಳಬಹುದಾದ ಬಲವಾದ ಮಾತು ಅದು.

ಫ್ರಾನ್ಸಿನ ರಾಷ್ಟ್ರೀಯ ಸ್ಮಾರಕಗಳ ಕೇಂದ್ರ ನಿರ್ವಹಿಸುವ ಈ ತಾಣಕ್ಕೆ ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ. ಸುರುಳಿ ಮೆಟ್ಟಿಲುಗಳೇ ಮುಖ್ಯ ದಾರಿಯಾದ್ದರಿಂದ ಮೊಣಕಾಲು ನೋವಿರುವವರು ಮೇಲಿನ ಕೋಣೆಗಳನ್ನು ಬಿಟ್ಟು ಅಂಗಳ, ಚಾಪೆಲ್, ಹೊರಸುತ್ತುಗಳಿಗೆ ಸಮಯ ಕೊಡುವುದು ಒಳ್ಳೆಯದು. ದಪ್ಪ ಗೋಡೆಗಳ ಒಳಗೆ ಬೇಸಿಗೆಯಲ್ಲೂ ತಂಪಿರುತ್ತದೆ, ಚಳಿಗಾಲದಲ್ಲಿ ಬೆಚ್ಚಗಿನ ಉಡುಪು ಅನಿವಾರ್ಯ. ಕೋಣೆಗಳಲ್ಲಿ ವಸ್ತುಗಳು ಕಡಿಮೆ ಇರುವುದರಿಂದ ಹಿನ್ನೆಲೆ ತಿಳಿಯದೆ ಹೋದವರು ಬೇಗನೆ ಹೊರಬಂದುಬಿಡುತ್ತಾರೆ. ಫ್ರೆಂಚ್ ತಿಳಿಯುವವರು ಮಾರ್ಗದರ್ಶಿಯೊಡನೆ ನೋಡುವ ಅವಕಾಶ ಸಿಕ್ಕಿದರೆ ಬಿಡಬಾರದು, ಉಳಿದವರು ಐದನೆಯ ಶಾರ್ಲ್‌ನ ಆಳ್ವಿಕೆಯ ಬಗ್ಗೆ ಒಂದಿಷ್ಟು ಓದಿಕೊಂಡು ಹೋಗಬೇಕು. ಸಮಯ ಕಡಿಮೆ ಇದ್ದು ಒಂದನ್ನೇ ಆರಿಸಬೇಕಾದರೆ ನಡುಗೋಪುರವನ್ನು ಆರಿಸಿ, ಅದರಲ್ಲಿಯೂ ಮೊದಲ ಅಂತಸ್ತಿಗೆ ಹೆಚ್ಚಿನ ಹೊತ್ತನ್ನು ಮೀಸಲಿಡಿ.